ಹದಿನಾಲ್ಕನೆಯ ಅಧ್ಯಾಯದ ನಿಂಗ

ಕಾದಂಬರಿ ನನ್ನ ಕೈಗೆ ಬಂದಾಗ ಅದಕ್ಕೆ ಮುಖಪುಟವೇ ಇರಲಿಲ್ಲ. ಬೆಂಗಳೂರಿನ ಪ್ರಕಾಶಕರು ಯಾರದೋ ಹಳೆಯ ಪ್ರತಿಯನ್ನು ಜೆರಾಕ್ಸ್ ಮಾಡಿಸಿ, ದಾರ ಸುತ್ತಿ, ಹೈದರಾಬಾದಿನ ನನ್ನ ಕೋಣೆಗೆ ಕೊರಿಯರ್ ಮಾಡಿದ್ದರು. ಬ್ರಿಟಿಷರ ಕಾಲದ ಒಂದು ಚಹಾ ತೋಟದ ಕಥೆ. ಬಯಲುಸೀಮೆಯಿಂದ ಮೇಸ್ತ್ರಿ ಕರೆತಂದ ಕೂಲಿಗಳು, ಬೆಟ್ಟದ ಚಳಿ, ಜ್ವರ, ಬೆತ್ತ. ಬರೆದವರು ಅಂಥದ್ದೇ ತೋಟವೊಂದರಲ್ಲಿ ಗುಮಾಸ್ತರಾಗಿದ್ದವರಂತೆ, ಇಂಗ್ಲಿಷಿನಲ್ಲಿ ಬರೆದಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು, ಆದ್ದರಿಂದ ಅನುಮಾನ ಬಂದರೆ ಕೇಳಲು ಯಾರೂ ಇರಲಿಲ್ಲ. ಆರು ತಿಂಗಳಲ್ಲಿ ಕನ್ನಡಕ್ಕೆ ತಂದುಕೊಡಿ ಎಂದು ಪ್ರಕಾಶಕರು ಒಂದು ಚೀಟಿ ಇಟ್ಟಿದ್ದರು.

ಹಗಲು ನಾನು ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಮೊಬೈಲ್ ಫೋನಿನ ಪರದೆಯ ಮೇಲೆ ಬರುವ ಮಾತುಗಳನ್ನು ಕನ್ನಡ ಮಾಡುವುದು ನನ್ನ ಕೆಲಸ. ಅಳಿಸಲೇ, ಉಳಿಸಲೇ, ಮತ್ತೆ ಪ್ರಯತ್ನಿಸಿ, ಇಂಥವು. ಆ ಕೆಲಸದಲ್ಲಿ ಧರ್ಮ ಎನ್ನುವುದು ಒಂದೇ: ಒಂದು ಪದಕ್ಕೆ ಮೊದಲ ಪುಟದಲ್ಲಿ ಏನು ಇಟ್ಟಿರೋ ಕೊನೆಯ ಪುಟದಲ್ಲೂ ಅದೇ ಇರಬೇಕು. ತಪ್ಪಿದರೆ ಹಿಡಿಯಲು ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶವಿತ್ತು, ಹೊಂದದ ಸಾಲುಗಳನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತಿತ್ತು. ನನ್ನ ಕಡತದಲ್ಲಿ ಕೆಂಪು ಕಾಣುವುದು ಅಪರೂಪ. ಆ ಬಗ್ಗೆ ನನಗೆ ಸಾಕಷ್ಟು ಸೊಕ್ಕಿತ್ತು.

ಮೊದಲ ಮೂರು ಅಧ್ಯಾಯ ಸಲೀಸಾಗಿ ಮುಗಿದವು. ಓದಿ ನೋಡಿದರೆ ನಗು ಬಂತು. ನಾನು ಮೈಸೂರಿನವನು. ನನ್ನ ಕೂಲಿಗಳು ಜ್ವರದಲ್ಲಿ ನರಳುವಾಗಲೂ ಬ್ಯಾಂಕಿನ ಗುಮಾಸ್ತರ ಹಾಗೆ ಮಾತಾಡುತ್ತಿದ್ದರು. ಬಯಲುಸೀಮೆಯ ಮಾತು ನನಗೆ ಬರುತ್ತಿರಲಿಲ್ಲ. ಆದರೆ ನಮ್ಮ ಆಫೀಸಿನ ಪಕ್ಕದಲ್ಲೇ ಬಂಡೆ ಒಡೆದು ಇನ್ನೊಂದು ಗಾಜಿನ ಕಟ್ಟಡ ಏಳುತ್ತಿತ್ತು, ಅಲ್ಲಿ ಮೇಲಿನಿಂದ ಕೆಳಕ್ಕೆ ಕೂಗುವವರ ಕನ್ನಡ ದಿನವೂ ನನ್ನ ಕಿಟಕಿಗೆ ಬೀಳುತ್ತಿತ್ತು. ಒಂದು ದಿನ ಚಹಾದ ಅಂಗಡಿಯಲ್ಲಿ ಅವರ ಮೇಸ್ತ್ರಿಯನ್ನು ಮಾತಾಡಿಸಿದೆ. ಯಾದಗಿರಿ ಕಡೆಯವನು. ಕನ್ನಡ, ತೆಲುಗು, ಹಿಂದಿ ಮೂರನ್ನೂ ಕೂಡಿಸಿ ಮಾತಾಡುತ್ತಿದ್ದ.

"ನಮ್ಮ ಮಂದಿ ಮಾತು ಬರ್ಕೊಳ್ತೀರಾ?" ಎಂದು ಅವನು ನಕ್ಕ. "ಅದ್ರಾಗ ಏನೈತ್ರಿ ಬರ್ಕೊಳ್ಳಾಕ? ಐತ್ವಾರ ಮಧ್ಯಾಹ್ನ ಬರ್ರಿ. ಕೆಲಸದ ಹೊತ್ತಿನ್ಯಾಗ ಮಾತ್ರ ಬರಬ್ಯಾಡ್ರಿ."

ಹೀಗೆ ನನ್ನ ಭಾನುವಾರಗಳು ತಗಡಿನ ಶೆಡ್ಡುಗಳಲ್ಲಿ ಶುರುವಾದವು. ಒಡೆಯದೆ ಉಳಿದ ಬಂಡೆಗಳ ನಡುವೆ ಮೂವತ್ತು ನಲವತ್ತು ಶೆಡ್ಡುಗಳು. ಮೇಸ್ತ್ರಿ ನನ್ನನ್ನು ಒಬ್ಬ ಸೆಂಟ್ರಿಂಗ್ ಕೆಲಸದವನ ಹತ್ತಿರ ಕೂರಿಸಿದ. ಕಾಂಕ್ರೀಟು ಸುರಿಯುವ ಮೊದಲು ಹಲಗೆ, ಕಂಬಗಳಿಂದ ಅಚ್ಚು ಕಟ್ಟುವುದು ಅವನ ಕೆಲಸ. ಎಲ್ಲರೂ ಅವನನ್ನು ಎಲ್ಲಪ್ಪ ಎನ್ನುತ್ತಿದ್ದರು. ಮೂವತ್ತರ ಆಸುಪಾಸು, ಬಾಯಿ ಜೋರು, ಯಾವುದಕ್ಕೂ ತಕ್ಷಣ ಒಂದು ಉತ್ತರ. ಅವನ ಹೆಂಡತಿ ಅದೇ ಕಟ್ಟಡದಲ್ಲಿ ಬುಟ್ಟಿ ಹೊರುವವಳು. ಅವಳು ಒಲೆಯ ಮುಂದೆ ಕುಳಿತು, ನಮಗೆ ಬೆನ್ನು ಹಾಕಿ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ನನ್ನ ಹತ್ತಿರ ಒಂದು ಟೇಪ್ ರೆಕಾರ್ಡರು, ನಾಲ್ಕು ಕ್ಯಾಸೆಟ್ಟು ಇದ್ದವು. ಮೊದಲ ದಿನ, ಧ್ವನಿ ಸರಿಯಾಗಿ ಬೀಳುತ್ತದೆಯೋ ನೋಡಲು, ನಿನ್ನ ಹೆಸರು, ತಂದೆ ಹೆಸರು, ಊರು ಹೇಳಪ್ಪ ಎಂದೆ. ಅವನು ಯಂತ್ರದ ಮೇಲೆ ಬಗ್ಗಿ, ಕೆಂಪು ದೀಪವನ್ನು ನೋಡುತ್ತ, "ಮಷೀನು ಚಾಲೂ ಆತೇನ್ರಿ?" ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು ಶಾಲೆಯ ಹುಡುಗನಂತೆ ಮೂರನ್ನೂ ಹೇಳಿದ. ಅವನು ಹೇಳಿದ ಹೆಸರು ಎಲ್ಲಪ್ಪ ಆಗಿರಲಿಲ್ಲ. ಮನೆಯಲ್ಲಿ ಒಂದು, ಹೊರಗೆ ಒಂದು ಹೆಸರು ಇರುವುದು ಹೊಸದೇನಲ್ಲವಲ್ಲ ಎಂದುಕೊಂಡು ನಾನು ಅಲ್ಲಿಗೇ ಬಿಟ್ಟೆ. ತಿರುಗಿಸಿ ಕೇಳಿಸಿದಾಗ ಶೆಡ್ಡಿನ ಮಂದಿಯೆಲ್ಲ ನಕ್ಕರು.

ಅದೇ ಉತ್ಸಾಹದಲ್ಲಿ ಅವನ ಹೆಂಡತಿಗೂ ಹೇಳಿದೆ: "ಈಗ ನೀವು ಹೇಳಿಯಮ್ಮ, ನಿಮ್ಮ ಯಜಮಾನರ ಹೆಸರು." ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಅವಳು ತಿರುಗಿಯೂ ನೋಡದೆ ಅಂದಳು: "ಗಂಡನ ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗತೈತ್ರಿ. ಮದುವಿ ದಿನ ಒಡಪು ಹಚ್ಚಿ ಒಮ್ಮಿ ಹೇಳೀನಿ, ಸಾಕದು."

ಒಡಪು ಎಂದರೆ ಎರಡು ಸಾಲಿನ ಪದ್ಯ. ಮದುವೆಯಲ್ಲಿ ಹೆಣ್ಣು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪದ್ಯದಲ್ಲಿ ಸೇರಿಸಿ ಹೇಳುತ್ತಾಳೆ. ಇದನ್ನು ನನಗೆ ವಿವರಿಸಿದವನು ಅವಳ ಗಂಡನೇ. ವಿವರಿಸುತ್ತ ಅವನು ಸ್ವಲ್ಪ ಕೆಂಪಾದ.

ಕೆಲಸದ ಕ್ರಮ ಹೀಗಿತ್ತು. ನಾನು ಒಂದು ಸಂದರ್ಭವನ್ನು ನನ್ನ ಕನ್ನಡದಲ್ಲಿ ಹೇಳುವುದು, ಅವನು ತನ್ನದರಲ್ಲಿ ತಿರುಗಿ ಹೇಳುವುದು. ಜ್ವರದ ಕೂಲಿಯೊಬ್ಬ ದೊರೆಗೆ ಹೇಳುವ ಮಾತನ್ನು ನಾನು "ನನಗೆ ಮೈಯಲ್ಲಿ ಹುಷಾರಿಲ್ಲ ದೊರೆ, ಏಳುವುದಕ್ಕೆ ಆಗುತ್ತಿಲ್ಲ" ಎಂದು ಬರೆದಿದ್ದೆ.

"ಜ್ವರ ಬಂದ ಮನಿಶ್ಯಾ ಅಷ್ಟುದ್ದ ಮಾತಾಡ್ತಾನೇನ್ರಿ ಮಾಸ್ತರ? 'ಆಗವಲ್ದು' ಅಂತಾನ, ಅಷ್ಟ."

ನಾನು ಸಾಲನ್ನು ಹೊಡೆದು ಆ ಒಂದು ಪದ ಉಳಿಸಿದೆ. ಇನ್ನೊಂದು ಕಡೆ ಮಗು ಸತ್ತ ಕೂಲಿ ಹೆಂಗಸು ಚಹಾ ಎಲೆ ಬಿಡಿಸುತ್ತ ಗೋಳಾಡುವ ಅರ್ಧ ಪುಟವಿತ್ತು. ಒಲೆಯ ಕಡೆಯಿಂದ ಮಾತು ಬಂತು: "ಕೆಲಸದಾಗ ಅಳಾಕ ಯಾರು ಬಿಡ್ತಾರ್ರಿ? ಬುಟ್ಟಿ ತಲಿ ಮ್ಯಾಲಿದ್ದಾಗ ಅಳ್ತೀವಿ. ಕಂಡ್ರ ಬೆವರ ಅಂತಾರ." ಮೂಲದ ಅರ್ಧ ಪುಟವನ್ನು ನಾನು ಬಿಡುವಂತಿರಲಿಲ್ಲ. ಆದರೆ ಅದನ್ನು ಓದುವಾಗಲೆಲ್ಲ, ಬರೆದವರು ಆ ಹೆಂಗಸನ್ನು ದೂರದಿಂದ ಮಾತ್ರ ನೋಡಿದ್ದಾರೆ ಅನಿಸತೊಡಗಿತು.

ಕೋಣೆಗೆ ಬಂದು ಕ್ಯಾಸೆಟ್ ಕೇಳಿ ನೋಟುಬುಕ್ಕಿಗೆ ಇಳಿಸುತ್ತಿದ್ದೆ. ಯಾರ ಮಾತು ಎಂಬುದಕ್ಕೆ ಗಂ-೧, ಗಂ-೨, ಹೆಂ-೧ ಎಂದು ಗುರುತು. ಇದು ಆಫೀಸಿನಿಂದ ಬಂದ ಅಭ್ಯಾಸ. ಅಲ್ಲಿ ಹೊಸ ಫೋನನ್ನು ಜನರ ಕೈಗೆ ಕೊಟ್ಟು ಪರೀಕ್ಷೆ ಮಾಡುವಾಗ ಹೆಸರು ಬರೆಯುತ್ತಿರಲಿಲ್ಲ, ಅಂಕಿ ಸಾಕಿತ್ತು. ಯಂತ್ರದ ಪರೀಕ್ಷೆಗೆ ಹೇಳಿಸಿದ ಮೊದಲ ಮಾತುಗಳನ್ನು ನಾನು ಇಳಿಸಿಕೊಳ್ಳಲಿಲ್ಲ, ಅವುಗಳಿಂದ ಕಾದಂಬರಿಗೆ ಉಪಯೋಗವಿರಲಿಲ್ಲ.

ಇಳಿಸಿಕೊಂಡ ಮೇಲೆ ಅದೇ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ನಾನು ಮುಗಿಸಿದ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಅದರ ಮೇಲೇ ತುಂಬುತ್ತಿದ್ದೆ. ಕೇಳಿದಾಗ ಎಲ್ಲಿ ಮಾತು ಎಡವುತ್ತದೆ ಎಂದು ತಿಳಿಯುತ್ತಿತ್ತು. ಕ್ಯಾಸೆಟ್ಟಿನ ಶುರುವಿನಲ್ಲೇ ಗುಂಡಿ ಒತ್ತಿದರೆ ಮೊದಲ ಪದ ನುಂಗಿಹೋಗುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದೆ, ಹಾಗಾಗಿ ನಾಲ್ಕೈದು ಸೆಕೆಂಡು ಓಡಲು ಬಿಟ್ಟು ಆಮೇಲೆ ಒತ್ತುತ್ತಿದ್ದೆ. ಹೊಸ ಕ್ಯಾಸೆಟ್ ಸಿಗುವ ಅಂಗಡಿ ನನ್ನ ಕೋಣೆಯ ಎದುರಿಗೇ ಇತ್ತು. ರಸ್ತೆ ದಾಟಲು ಸೋಮಾರಿತನ ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಹದಿನಾಲ್ಕನೆಯ ಅಧ್ಯಾಯಕ್ಕೆ ಬಂದಾಗ ನಾನು ಒಂದು ತಪ್ಪನ್ನು ಹಿಡಿದೆ. ಆಫೀಸಿನ ತಂತ್ರಾಂಶಕ್ಕೆ ಕಾದಂಬರಿಯ ಪಾತ್ರಗಳ ಪಟ್ಟಿಯನ್ನೂ ಕೊಟ್ಟಿದ್ದೆ, ಯಾರು ಎಲ್ಲಿ ಬರುತ್ತಾರೆ, ಯಾರು ಯಾವಾಗ ಸಾಯುತ್ತಾರೆ ಎಂದು. ಅದು ಒಂದು ಸಾಲನ್ನು ಕೆಂಪಾಗಿ ತೋರಿಸಿತು. ಒಂಬತ್ತನೆಯ ಅಧ್ಯಾಯದಲ್ಲಿ ಜ್ವರದಿಂದ ಸತ್ತು, ಕಂಬಳಿಯಲ್ಲಿ ಸುತ್ತಿಸಿಕೊಂಡು ಕಣಿವೆಗೆ ಹೋದ ನಿಂಗ ಎಂಬ ಕೂಲಿ ಹದಿನಾಲ್ಕರಲ್ಲಿ ಬೆಳಗಿನ ಹಾಜರಿಗೆ ಓಗೊಡುತ್ತಾನೆ. 'ಮೂರನೆಯ ಸಾಲಿನಿಂದ ನಿಂಗ ಓಗೊಟ್ಟ' ಎಂದು ಒಂದೇ ವಾಕ್ಯ. ಹಿಂದಿಲ್ಲ, ಮುಂದಿಲ್ಲ.

ನನ್ನ ಖುಷಿಗೆ ಮಿತಿ ಇರಲಿಲ್ಲ. ಇಷ್ಟು ವರ್ಷ ಯಾರೂ ಕಾಣದ ತಪ್ಪು! ಆ ನಿಂಗನನ್ನು ತೆಗೆದು ಸಿದ್ಧ ಎಂಬ ಇನ್ನೊಬ್ಬ ಕೂಲಿಯ ಹೆಸರು ಹಾಕಿದೆ. ಪ್ರಕಾಶಕರಿಗೆ ಫೋನ್ ಮಾಡಿ ಹೇಳಿಕೊಂಡೆ ಕೂಡ. ಅವರು "ನಿಮ್ಮಂಥ ಅನುವಾದಕರು ಸಿಗೋದು ಕಷ್ಟ ಕಣ್ರೀ" ಎಂದರು. ಆ ಮಾತಿನಲ್ಲಿ ಒಂದು ವಾರ ತೇಲಾಡಿದೆ.

ಮುಂದಿನ ಭಾನುವಾರ ಶೆಡ್ಡಿನಲ್ಲಿ ಅಧ್ಯಾಯವನ್ನು ಓದಿ, ನಾನು ಮಾಡಿದ ರಿಪೇರಿಯನ್ನೂ ಹೇಳಿದೆ. ಸೆಂಟ್ರಿಂಗಿನವನು ಬೀಡಿ ಬಾಯಿಂದ ತೆಗೆದ.

"ಅದನ್ಯಾಕ ತಿದ್ದಿದ್ರಿ?"

"ಸತ್ತವನು ಹಾಜರಿ ಹೇಳೋಕಾಗುತ್ತೇನಪ್ಪ?"

"ಸತ್ತಾಂವ ಹೇಳಂಗಿಲ್ರಿ. ಹೊಸಾಂವ ಹೇಳ್ತಾನ. ಸತ್ತಾಂವನ ಹೆಸರು ಹೊಸಾಂವಗ ಕೊಡ್ತಾರ. ಬರದಾಂವ ಬರೋಬ್ಬರಿ ಬರದಾನ, ನೀವs ಕೆಡಿಸೀರಿ."

ನಾನು ವಾದ ಮಾಡಿದೆ. ದೊರೆ ಅಷ್ಟು ದಡ್ಡನೇ, ಮುಖ ಬೇರೆ ಇರುವುದು ಕಾಣುವುದಿಲ್ಲವೇ ಎಂದೆ.

"ದೊರಿ ತಲಿ ಎಣಿಸ್ತಾನೇನ್ರಿ? ಹೆಸರು ಎಣಿಸ್ತಾನ," ಅಂದ. "ಸತ್ತಾನ ಅಂತ ಬರದ್ರ ಯಾಕ ಸತ್ತ, ಹೆಂಗ ಸತ್ತ ಅಂತ ಮ್ಯಾಲಿನವ್ರು ಕೇಳ್ತಾರ. ಹೆಸರು ನಡೀತಿತ್ತಂದ್ರ ಯಾರೂ ಕೇಳಂಗಿಲ್ಲ." ಆಮೇಲೆ ಗೂಟಕ್ಕೆ ನೇತುಹಾಕಿದ್ದ ಗೇಟು ಪಾಸು ತೆಗೆದು ನನ್ನ ಮುಂದೆ ಹಿಡಿದ. ಫೋಟೊ ಇಲ್ಲದ ರಟ್ಟಿನ ಪಾಸು, ಅಂಚಿನಲ್ಲಿ ಬೀಡಿ ಸುಟ್ಟ ಗುರುತು, ಮೇಲೆ ಎಲ್ಲಪ್ಪ ಎಂದು ಬರೆದಿತ್ತು. "ಈ ಎಲ್ಲಪ್ಪ ಊರಿಗೆ ಹೋಗಿ ಎರಡು ವರ್ಷ ಆತು. ಅಂವನ ಪಾಸು ನನಗ ಕೊಟ್ಟಾನ ಮೇಸ್ತ್ರಿ. ಹೊಸಾದು ಮಾಡಸಬೇಕಂದ್ರ ಕಾಗದಪತ್ರ, ಡಾಕ್ಟರ ತಪಾಸಣಿ, ಭಾಳ ತ್ರಾಸು. ನಾ ಎಲ್ಲಪ್ಪ ಅಲ್ಲರಿ ಮಾಸ್ತರ. ನನ್ನ ಹೆಸರು ಮೊದಲನೇ ದಿನ ಹೇಳೀನಲ್ಲ, ನಿಮ್ಮ ಮಷೀನಿನ್ಯಾಗ ಐತಿ."

ಹೌದು ಎಂದೆ. ಆ ಹೆಸರು ನನಗೆ ನೆನಪಿರಲಿಲ್ಲ. ಮತ್ತೆ ಕೇಳಲು ನಾಚಿಕೆಯಾಯಿತು. ಮೂರು ತಿಂಗಳಿಂದ ಅವನ ಮನೆಯ ಚಹಾ ಕುಡಿಯುತ್ತಿದ್ದೆ.

ಕೋಣೆಗೆ ಬಂದು ಮೂಲವನ್ನು ಹಿಂದಿನಿಂದ ಓದಿದೆ. ಹನ್ನೆರಡನೆಯ ಅಧ್ಯಾಯದಲ್ಲಿ ಬೆಟ್ಟ ಹತ್ತಿ ಬಂದ ಹೊಸ ಕೂಲಿಗಳಿಗೆ ಮೇಸ್ತ್ರಿ 'ಹೆಸರುಗಳನ್ನು ಹಂಚಿದ' ಎಂದಿತ್ತು. ನಾನು ಅದನ್ನು 'ಹೆಸರು ಬರೆದುಕೊಂಡ' ಎಂದು ಮಾಡಿ ಮುಂದೆ ಹೋಗಿದ್ದೆ. ಗುಮಾಸ್ತರು ಎಲ್ಲವನ್ನೂ ಹೇಳಿದ್ದರು, ವಿವರಿಸಲು ಮಾತ್ರ ಹೋಗಿರಲಿಲ್ಲ. ಆ ಹಾಜರಿ ಪುಸ್ತಕವನ್ನು ಬರೆಯುತ್ತಿದ್ದವರು ಅವರೇ ಇರಬೇಕು. ಆದರೂ ಅಂದೇ ಪ್ರಕಾಶಕರಿಗೆ ಫೋನ್ ಮಾಡಲಿಲ್ಲ. ಅಷ್ಟು ಹೊಗಳಿಸಿಕೊಂಡ ಮೇಲೆ ತಪ್ಪು ನನ್ನದೇ ಎನ್ನಲು ನಾಲಿಗೆ ಏಳಲಿಲ್ಲ. ಮುಂದಿನ ವಾರ ನೋಡೋಣ ಎಂದುಕೊಂಡೆ.

ಮುಂದಿನ ವಾರದ ಬುಧವಾರ ಮಧ್ಯಾಹ್ನ ಪಕ್ಕದ ಕಟ್ಟಡದ ಯಂತ್ರಗಳ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಅರ್ಧ ಗಂಟೆ ನಿಂತಿತ್ತು. ನಾನು ಕಿವಿಗೆ ಎಷ್ಟು ಹಿತವಾಯಿತು ಎಂದು ಪಕ್ಕದವನಿಗೆ ಹೇಳಿದ್ದೆ. ಆಮೇಲೆ ಸದ್ದು ಮತ್ತೆ ಶುರುವಾಯಿತು, ನಾನು ಕಿಟಕಿ ಮುಚ್ಚಿದೆ.

ಭಾನುವಾರ ಶೆಡ್ಡಿಗೆ ಹೋದರೆ ಹೊರಗೆ ಹೆಂಗಸರು ಕೂತಿದ್ದರು. ಅವನ ಹೆಂಡತಿ ನಡುವೆ ಇದ್ದಳು. ನನ್ನ ಹೆಗಲ ಮೇಲಿನ ಟೇಪ್ ರೆಕಾರ್ಡರಿನ ಚೀಲ ನೋಡಿ ಎದ್ದು ನಿಂತಳು. ಐದನೆಯ ಮಹಡಿಯ ಅಚ್ಚು ಕುಸಿದು ಅವಳ ಗಂಡ ಕೆಳಕ್ಕೆ ಬಿದ್ದಿದ್ದನಂತೆ. ಮೇಸ್ತ್ರಿ ಟೆಂಪೋ ತರಿಸಿ ದವಾಖಾನೆಗೆ ಎಂದು ಹೊರಟವನು, ದಾರಿಯಲ್ಲೇ ಜೀವ ಹೋಯಿತು ಎಂದು ಹೊತ್ತು ಮುಳುಗುವ ಮೊದಲೇ ಊರಾಚೆ ಮಣ್ಣು ಮಾಡಿಸಿದ್ದ. ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ ಎಂದಿದ್ದ. ಎರಡು ದಿನ ಬಿಟ್ಟು ಕೇಳಿದರೆ, ಕಂಪನಿಯ ಲೆಕ್ಕದಲ್ಲಿ ಯಾರೂ ಸತ್ತಿಲ್ಲ ಎಂದನಂತೆ.

"ಊರಿಗೆ ಹೋಗಿ ನಾ ಏನ ಹೇಳ್ಲಿರಿ ಅಣ್ಣಾರ?" ಅವಳು ಅಳುತ್ತಿರಲಿಲ್ಲ. "ಸತ್ತ ಅಂದ್ರ ಕಾಗದ ಎಲ್ಲಿ ಅಂತಾರ. ಓಡಿಹೋದ ಅಂತಾರ. ಇಲ್ಲಾ, ನಾನs ಬಿಟ್ಟು ಬಂದೀನಿ ಅಂತಾರ. ಎರಡು ಮಕ್ಕಳನ್ನ ಅತ್ತಿ ಕಡೆ ಇಟ್ಟೀನಿ, ಒಳಗs ಬಿಟ್ಕೊಳ್ಳಂಗಿಲ್ಲ. ಸತ್ತಾನ ಅಂತ ಅಂವನ ಹೆಸರಿಂದು ಒಂದು ಕಾಗದ ಬೇಕ್ರಿ. ಮತ್ತೇನೂ ಬ್ಯಾಡ."

ಕೂಲಿಕಾರರ ತಕರಾರು ಕೇಳುವ ಕಚೇರಿಗೆ ಯಾರೋ ಅವಳ ಪರವಾಗಿ, ಹೆಸರಿನ ಜಾಗದಲ್ಲಿ 'ಇವಳ ಗಂಡ' ಎಂದಷ್ಟೇ ಬರೆದು, ಅರ್ಜಿ ಹಾಕಿಕೊಟ್ಟಿದ್ದರು. ಮುಂದಿನ ಗುರುವಾರ ಬರಲು ಹೇಳಿದ್ದರು. "ನೀವು ಬರ್ರಿ," ಅಂದಳು. "ಅಂವನ ದನಿ, ಅಂವನ ಹೆಸರು ಎಲ್ಲಾ ನಿಮ್ಮ ಮಷೀನಿನ್ಯಾಗ ಐತಲ್ರಿ. ಸಾಹೇಬಗ ಕೇಳಸ್ರಿ."

ಬರುತ್ತೇನೆ ಎಂದು ಬಾಯಿ ಹೇಳಿತು. ಕೋಣೆಗೆ ಬಂದು ನಾಲ್ಕೂ ಕ್ಯಾಸೆಟ್ಟನ್ನು ಎರಡೂ ಬದಿ ಕೇಳಿದೆ. ಎಲ್ಲದರಲ್ಲೂ ನಾನೇ ಇದ್ದೆ. ಒಂದನೆಯ ಕ್ಯಾಸೆಟ್ಟಿನ ಮೊದಲಲ್ಲಿ ಮಾತ್ರ, ನಾನು ಓಡಲು ಬಿಡುತ್ತಿದ್ದ ಆ ನಾಲ್ಕೈದು ಸೆಕೆಂಡಿನಲ್ಲಿ, "ಮಷೀನು ಚಾಲೂ ಆತೇನ್ರಿ?" ಎಂದು ಅವನು ಕೇಳಿದ. ಒಂದು ಸಲ ಗಂಟಲು ಸರಿಮಾಡಿಕೊಂಡ. ತಕ್ಷಣ ನನ್ನ ದನಿ ಬಂತು, ಹದಿನಾಲ್ಕನೆಯ ಅಧ್ಯಾಯ, 'ಮೂರನೆಯ ಸಾಲಿನಿಂದ ಸಿದ್ಧ ಓಗೊಟ್ಟ'.

ನಾನು ನೆಲದ ಮೇಲೆ ಕೂತು ಅತ್ತೆ. ಅತ್ತದ್ದರಲ್ಲಿ ಅವನಿಗಾಗಿ ಎಷ್ಟು, ನನ್ನ ಮಾನಕ್ಕಾಗಿ ಎಷ್ಟು ಎಂದು ಈಗಲೂ ಹೇಳಲಾರೆ.

ಹೋಗಿ ಅವಳಿಗೆ ನಿಜ ಹೇಳಿ, ಶೆಡ್ಡಿನವರಿಂದ ಅವನ ಹೆಸರನ್ನಾದರೂ ಕೇಳಿಕೊಂಡು ಬರಬೇಕಿತ್ತು. ಮೂರು ದಿನ ಹೋಗಲಿಲ್ಲ. ಅಷ್ಟರಲ್ಲಿ ನಮ್ಮ ಮ್ಯಾನೇಜರಿಗೆ ಸುದ್ದಿ ಮುಟ್ಟಿತ್ತು. ಆ ಕಟ್ಟಡದ ಮಾಲೀಕರೇ ನಮ್ಮ ಆಫೀಸಿನ ಮಾಲೀಕರೂ ಹೌದು, ಇದು ನಿಮಗೇಕೆ, ಎಂದು ಮೃದುವಾಗಿಯೇ ಹೇಳಿದರು. ಅಳಿಸಿಹೋದ ಕ್ಯಾಸೆಟ್ಟು, ಬೇಡ ಎನ್ನುವ ಮ್ಯಾನೇಜರು, ತಪ್ಪಿಸಿಕೊಳ್ಳಲು ನನಗೆ ಎರಡು ಒಳ್ಳೆಯ ಕಾರಣಗಳಿದ್ದವು. ಬುಧವಾರ ಸಂಜೆ ನೋಟುಬುಕ್ಕು ತಿರುವುತ್ತಿದ್ದೆ. ಪುಟ ಪುಟದಲ್ಲೂ ಗಂ-೧, ಗಂ-೧. ಒಂದು ಕಡೆ 'ಆಗವಲ್ದು'. ರಜೆಗೆ ಅರ್ಜಿ ಬರೆದಿಟ್ಟು ಮರುದಿನ ಹೊರಟೆ.

ಕಚೇರಿಯಲ್ಲಿ ಅಧಿಕಾರಿ, ಒಬ್ಬ ಗುಮಾಸ್ತ, ಈ ಕಡೆ ಬೆಂಚಿನ ಮೇಲೆ ಅವಳು, ಆ ಕಡೆ ಮೇಸ್ತ್ರಿ. ಮೇಸ್ತ್ರಿಯ ಪಕ್ಕದಲ್ಲಿ ಹೊಸ ಅಂಗಿ ತೊಟ್ಟ ಅಪರಿಚಿತ ಕೂಲಿಯೊಬ್ಬ. ಅಧಿಕಾರಿ ವಯಸ್ಸಾದವರು, ಒರಟರಲ್ಲ. ಯಾರು ಸತ್ತದ್ದು ಎಂದು ತೆಲುಗಿನಲ್ಲಿ ಕೇಳಿದರು. ಎಲ್ಲಪ್ಪನ ಪಾಸಿನಲ್ಲಿ ಕೆಲಸ ಮಾಡುತ್ತಿದ್ದವನು ಎಂದು ನಾನು ಹೇಳಿದೆ.

"ಎಲ್ಲಪ್ಪ ಇಲ್ಲೇ ಅದಾನಲ್ರಿ ಸಾರ್," ಎಂದು ಮೇಸ್ತ್ರಿ ಪಕ್ಕದವನ ಹೆಗಲು ಮುಟ್ಟಿದ. ಆ ಕೂಲಿ ಎದ್ದು ನಿಂತು ಕೊರಳಿನ ಪಾಸು ತೋರಿಸಿದ. ಅದೇ ರಟ್ಟು, ಅಂಚಿನಲ್ಲಿ ಅದೇ ಬೀಡಿ ಸುಟ್ಟ ಗುರುತು. ಗುಮಾಸ್ತ ಹಾಜರಿ ಪುಸ್ತಕ ತಿರುವಿದ. ಬುಧವಾರ ಎಲ್ಲಪ್ಪ ಹಾಜರು, ಗುರುವಾರ ಹಾಜರು, ಶುಕ್ರವಾರವೂ ಹಾಜರು. ಆ ಹೊಸಬ ತಲೆ ಎತ್ತಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಸತ್ತವನ ನಿಜವಾದ ಹೆಸರೇನು, ನಿಮಗೆ ಹೇಗೆ ಗೊತ್ತು ಎಂದು ಅಧಿಕಾರಿ ನನ್ನನ್ನು ಕೇಳಿದರು. ಅವನೇ ಹೇಳಿದ್ದ, ಈಗ ನೆನಪಿಲ್ಲ ಎಂದೆ. ಬರೆದುಕೊಂಡಿದ್ದೀರಾ? ನೋಟುಬುಕ್ಕು ಕೊಟ್ಟೆ. ಅವರು ಪುಟ ತಿರುವಿ, ಈ ಗಂ-೧ ಎಂದರೆ ಏನು ಎಂದರು. ಗಂಡಸು ಒಂದು ಎಂದೆ. ಗುಮಾಸ್ತ ಪೆನ್ನು ಕೆಳಗಿಟ್ಟ.

"ಮಷೀನು ಹಚ್ಚರಿ ಅಣ್ಣಾರ," ಎಂದಳು ಅವಳು ಬೆಂಚಿನಿಂದ.

ಆಗ ಹೇಳಿದೆ, ಅವಳ ಮುಖ ನೋಡದೆ, ಎಲ್ಲ ಅಳಿಸಿಹೋಗಿದೆ ಎಂದು, ಅಳಿಸಿದವನು ನಾನೇ ಎಂದು. ಇರುವುದನ್ನು ಹಚ್ಚಿದೆ. "ಮಷೀನು ಚಾಲೂ ಆತೇನ್ರಿ?" ಕೆಮ್ಮು. ನನ್ನ ದನಿ ಬರುವ ಮೊದಲೇ ನಿಲ್ಲಿಸಿದೆ. ಅವಳು ಬೆಂಚಿನ ಅಂಚಿಗೆ ಸರಿದಿದ್ದಳು. "ಅಂವನs," ಅಂದಳು. "ಇನ್ನೊಮ್ಮಿ ಹಚ್ಚರಿ." ಇನ್ನೊಮ್ಮೆ ಹಚ್ಚಿದೆ. ಇದು ಯಾರ ದನಿಯೂ ಆಗಬಹುದಲ್ಲ ಎಂದು ಅಧಿಕಾರಿ ಮೆಲ್ಲನೆ ಹೇಳಿದರು. ಅದು ನಿಜವೇ.

ಆಮೇಲೆ ಅವಳ ಕಡೆ ತಿರುಗಿ, ನಿನ್ನ ಗಂಡನ ಹೆಸರು ನೀನೇ ಹೇಳಮ್ಮ ಎಂದರು. ಅವಳು ನನ್ನನ್ನು ನೋಡಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು.

"ನೋಡ್ರಿ ಸಾರ್, ಗಂಡನ ಹೆಸರ ಹೇಳಾಕ ಎಷ್ಟು ಹೊತ್ತು!" ಎಂದ ಮೇಸ್ತ್ರಿ. ಅವನಿಗೆ ಆ ಪದ್ಧತಿ ಗೊತ್ತಿತ್ತು. ಅವನ ಹೆಂಡತಿಯೂ ಅವನ ಹೆಸರು ಹೇಳುತ್ತಿರಲಿಲ್ಲ. ಅಧಿಕಾರಿ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. "ನಮ್ಮಲ್ಲೂ ಹೇಳುವುದಿಲ್ಲ. ಹೇಳಲಿ, ಬಿಡು."

ಅವಳು ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಕಡೆ ನೋಡುತ್ತ, ಮದುವೆಯ ಚಪ್ಪರದಲ್ಲಿ ಹೇಳಿದ್ದನ್ನೇ ಹೇಳಿದಳು:

"ಕರಿ ಹೊಲದಾಗ ಬೆಳೆದೈತಿ ಬಿಳಿ ಜೋಳ,
ಜೋಳದ ಕಾವಲಿಗೆ ನಿಂತಾನ ನಮ್ಮ ಹಣಮಂತ."

ಗುಮಾಸ್ತನಿಗೆ ನಗು ಬಂತು, ತಡೆದುಕೊಂಡ. ಮೇಸ್ತ್ರಿ ತಲೆ ತಗ್ಗಿಸಿದ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು.

"ನನಗೆ ನಂಬಿಕೆ ಇದೆಯಮ್ಮ," ಎಂದರು ಹಿಂದಿಯಲ್ಲಿ, ಅವಳಿಗೂ ತಿಳಿಯಲಿ ಎಂದು. "ಆದರೆ ನಾನು ಸುಮ್ಮನೆ ನಂಬಿ ಬರೆಯುವ ಹಾಗಿಲ್ಲ. ಈ ಪುಸ್ತಕದಲ್ಲಿ ಹಣಮಂತ ಎಂಬುವನು ಯಾವತ್ತೂ ಕೆಲಸಕ್ಕೆ ಬಂದಿಲ್ಲ. ಬರದೇ ಇದ್ದವನು ಇಲ್ಲಿ ಬಿದ್ದು ಸತ್ತ ಎಂದು ಹೇಗೆ ಬರೆಯಲಿ?" ಮಣ್ಣು ತೆಗೆಸಿ ನೋಡಬಹುದಲ್ಲ ಎಂದೆ. ನೋಡಬಹುದು, ಅದಕ್ಕೆ ಪೊಲೀಸ್ ದೂರು ಬೇಕು, ದೂರಿಗೆ ಸತ್ತವನು ಇಂಥವನೇ ಎಂಬ ಕಾಗದ ಬೇಕು, ಎಂದರು. ಪೊಲೀಸರ ಹತ್ತಿರವೂ ಹೋದೆವು. ಯಾರೂ ಕಾಣೆಯಾಗಿಲ್ಲ ಎಂದು ಮೇಸ್ತ್ರಿ ಬರೆದುಕೊಟ್ಟಿದ್ದ. ಶೆಡ್ಡಿನ ಮಂದಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ, ಅವರಲ್ಲಿ ಎಷ್ಟು ಜನರ ಕೊರಳಲ್ಲಿ ಬೇರೆಯವರ ಹೆಸರಿತ್ತೋ.

ಮೆಟ್ಟಿಲ ಕೆಳಗೆ ಮೇಸ್ತ್ರಿ ನನ್ನನ್ನು ತಡೆದ. "ಮಾಸ್ತರ, ನಾನೂ ಹಿಂಗs ಬಂದಾಂವ. ನಾಕು ವರ್ಷ ಬ್ಯಾರೆಯವ್ರ ಹೆಸರಿನ್ಯಾಗ ಕಬ್ಬಿಣ ಹೊತ್ತೀನಿ. ಇದನ್ನ ಬರದ್ರ ನನ್ನ ನಲವತ್ತು ಮಂದಿ ನಾಳೆ ಗೇಟಿನ ಹೊರಗ. ನೀವು ಕೂಳು ಹಾಕ್ತೀರೇನು?"

ಅಂದೇ ಪ್ರಕಾಶಕರಿಗೆ ಫೋನ್ ಮಾಡಿ ಹದಿನಾಲ್ಕನೆಯ ಅಧ್ಯಾಯದಲ್ಲಿ ನಿಂಗನನ್ನೇ ಹಾಕಿ, ಹನ್ನೆರಡರಲ್ಲಿ 'ಹೆಸರು ಹಂಚಿದ' ಎಂದೇ ಇರಲಿ ಎಂದೆ. "ಓದುಗರು ನಿಮ್ಮ ತಪ್ಪು ಅಂದ್ಕೋತಾರೆ, ಒಂದು ಅಡಿಟಿಪ್ಪಣಿ ಕೊಡಿ" ಎಂದರು. ಬೇಡ ಎಂದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅಂಥ ಕೆಲಸ. ಮರುವರ್ಷ ಪುಸ್ತಕ ಬಂದಾಗ ಒಬ್ಬ ಓದುಗರು ಪತ್ರ ಬರೆದು, ಸತ್ತ ನಿಂಗ ಮತ್ತೆ ಬರುತ್ತಾನೆ, ಅನುವಾದಕರು ಎಚ್ಚರ ವಹಿಸಬೇಕಿತ್ತು ಎಂದರು. ಕೂಲಿಗಳ ಮಾತು ಮಾತ್ರ ಬಹಳ ಸಹಜವಾಗಿದೆ ಎಂದು ಮೆಚ್ಚಿದ್ದರು.

ಅವಳು ಊರಿಗೆ ಹೊರಟದ್ದು ಕಚೇರಿಯಿಂದ ಬಂದ ನಾಲ್ಕನೆಯ ದಿನ. ಇಮ್ಲಿಬನ್ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಒಂದು ಚೀಲ, ಒಂದು ಸ್ಟೀಲಿನ ಕೊಡ, ಕೊಡದೊಳಗೆ ಅವನ ಸುತ್ತಿಗೆ. ಕ್ಯಾಸೆಟ್ಟು ಕೊಡಲು ತಂದಿದ್ದೆ. "ನಮ್ಮ ಮನ್ಯಾಗ ಮಷೀನು ಎಲ್ಲೈತ್ರಿ?" ಎಂದು ಅವಳು ಕೈಗೂ ತೆಗೆದುಕೊಳ್ಳಲಿಲ್ಲ. ಸಿಟ್ಟಿನ ಮಾತಲ್ಲ ಅದು. ಬಯ್ದಿದ್ದರೆ ನನಗೆ ಒಳ್ಳೆಯದಿತ್ತು.

ಬಸ್ಸು ಹೊರಡಲು ಹೊತ್ತಿತ್ತು. ಅವಳೇ ಕೇಳಿದಳು: "ನೀವು ಬರೆಯೋರು. ಒಂದು ಹಾಳಿ ಮ್ಯಾಲೆ ಬರದು ಕೊಡ್ರಿ."

ನೋಟುಬುಕ್ಕಿನ ಹಾಳೆ ಹರಿದು ತೊಡೆಯ ಮೇಲಿಟ್ಟುಕೊಂಡೆ. ಏನೆಂದು ಬರೆಯಲಿ ಎಂದೆ.

"ಹಣಮಂತ," ಎಂದಳು. ಒಡಪಿಲ್ಲದೆ, ಎಲ್ಲರಿಗೂ ಕೇಳುವ ಹಾಗೆ. ನಾನು ತಲೆ ಎತ್ತಿದ್ದು ನೋಡಿ, "ಇನ್ನ ಯಾವ ಆಯುಷ್ಯ ಕಡಿಮಿ ಆಗೋದೈತ್ರಿ? ಬರೀರಿ," ಎಂದಳು. "ಹಣಮಂತ, ತಂದಿ ದುರಗಪ್ಪ. ಸೆಂಟ್ರಿಂಗ್ ಕೆಲಸ. ಹೈದ್ರಾಬಾದಿನ್ಯಾಗ ಮ್ಯಾಲಿಂದ ಬಿದ್ದು ಸತ್ತಾನ. ಓಡಿಹೋಗಿಲ್ಲ ಅಂತ ಬರೀರಿ."

ಬರೆದೆ. ಅವಳು ಹೇಳಿದ ಮಾತಿನಲ್ಲೇ ಬರೆದೆ, ಒಂದು ಅಕ್ಷರ ತಿದ್ದಲಿಲ್ಲ. ಕೆಳಗೆ ನನ್ನ ಸಹಿ, ವಿಳಾಸ ಹಾಕಿದೆ. ಓದಿ ಹೇಳ್ರಿ ಎಂದಳು, ಓದಿದೆ. ಹಾಳೆಯನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅಕ್ಷರ ಬಾರದವಳು, ಆದರೆ ಕಾಗದ ಎಂದರೆ ಹೇಗಿರುತ್ತದೆ ಎಂದು ಈ ಹತ್ತು ಹನ್ನೆರಡು ದಿನದಲ್ಲಿ ಚೆನ್ನಾಗಿ ಕಲಿತಿದ್ದಳು. ನನ್ನ ಸಹಿಯ ಪಕ್ಕದಲ್ಲಿ, ಕಚೇರಿಯ ಕಾಗದಗಳಲ್ಲಿ ಮೊಹರು ಬೀಳುವ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಸಿಕ್ಕಾ ಇಲ್ಲೇನ್ರಿ ಇದಕ್ಕ?"

ಇಲ್ಲ ಎಂದೆ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೊಡದೊಳಗೆ ಸುತ್ತಿಗೆಯ ಕೆಳಗಿಟ್ಟು ಬಸ್ಸು ಹತ್ತಿದಳು.